ರಾಹುಕಾಲದ ಚಾರ್ಜಿಗೆ ಯಾರ ಹೆಸರು?

ನಮ್ಮ ಯಜಮಾನರು ಕ್ಯಾಬಿನ್ ಬಾಗಿಲು ಮುಚ್ಚಿಕೊಂಡು ಮಾತಾಡುವವರಲ್ಲ. ಬೈಯುವುದಿರಲಿ, ಹೊಗಳುವುದಿರಲಿ, ಮಗನಿಗೆ ಹುಡುಗಿ ನೋಡಿ ಬಂದ ಸುದ್ದಿಯಿರಲಿ, ಎಲ್ಲವೂ ಶಾಪಿನ ನಡುವೆ ನಿಂತು ಮೋಟಾರುಗಳ ಸದ್ದಿನ ಮೇಲೆ ಕೂಗಿಯೇ ಆಗಬೇಕು. ಹಾಗಾಗಿ ಆ ಬೆಳಿಗ್ಗೆ ನನ್ನನ್ನು ಒಳಗೆ ಕರೆದು, ತಾವೇ ಎದ್ದು ಹೋಗಿ ಬಾಗಿಲು ಹಾಕಿ ಬಂದಾಗಲೇ ಏನೋ ಕೆಟ್ಟ ಸುದ್ದಿ ಅಂತ ಗೊತ್ತಾಯಿತು.

“ಕೂತ್ಕೊಳಮ್ಮ,” ಅಂದರು. “ಗೇರ್ ಕಂಪನಿಯವ್ರು ಹೇಳ್‌ಬಿಟ್ರು. ದಸರಾ ಮುಗಿಯೋವರ್ಗೂ ನೋಡ್ತಾರಂತೆ. ಅಷ್ಟ್ರೊಳಗೆ ಮಾಲು ಹೇಳಿದ ದಿನಕ್ಕೆ ಹೋಗ್ಬೇಕು, ಮೆತ್ತಗಿನ ಗೇರು ಒಂದೂ ಹೋಗ್ಬಾರ್ದು. ಇಲ್ಲಾಂದ್ರೆ ಕೆಲ್ಸ ಎಲ್ಲಾ ಪೀಣ್ಯದಲ್ಲಿರೋ ಇನ್ನೊಂದು ಶಾಪ್‌ಗೆ.”

ಕೆಂಗೇರಿ ಆಚೆಯ, ಗಾಡಿಗಳ ಗೇರು ತಯಾರಿಸುವ ಆ ಕಂಪನಿಯೇ ನಮ್ಮ ಅರ್ಧಕ್ಕಿಂತ ಹೆಚ್ಚು ಕೆಲಸ ಕೊಡುವುದು. ಅದು ಹೋದರೆ ಸೆಕೆಂಡ್ ಶಿಫ್ಟ್ ಮುಚ್ಚಬೇಕು, ಆ ಶಿಫ್ಟಿನ ಜನ ಮನೆಗೆ ಹೋಗಬೇಕು. ಯಜಮಾನರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

“ಹುಡುಗ್ರಿಗೆ ಇದು ಗೊತ್ತಾಗೋದ್ ಬೇಡ. ಹೆದರ್ಕೊಂಡು ಬೇರೆ ಕಡೆ ಕೆಲ್ಸ ನೋಡ್ಕೊಂಡ್‌ಬಿಡ್ತಾರೆ. ಕೆಲ್ಸ ನಡೆಯೋ ರೀತೀನೇ ಪೂರ್ತಿ ಬದಲಾಯ್ಸು. ನಿಂಗೆ ಬಿಟ್ಟಿದೀನಿ.”

ಪ್ಲಾನಿಂಗ್ ಅಂತ ನಮ್ಮಲ್ಲಿ ಇರುವವಳು ನಾನೊಬ್ಬಳೇ. ಸರಿ ಸಾರ್ ಅಂದೆ. ಹೊರಗೆ ಬಂದಾಗ ಶಾಪಿನ ಜನ ಎಲ್ಲ ನನ್ನ ಮುಖವನ್ನೇ ನೋಡಿದಂತಾಯಿತು. ಅವತ್ತಿನಿಂದ ನನಗೆ ಹೊಟ್ಟೆಯುರಿ ಶುರುವಾಯಿತು, ಮಾತಿಗಲ್ಲ, ನಿಜವಾದ ಹೊಟ್ಟೆಯುರಿ. ಬ್ಯಾಗಿನಲ್ಲಿ ಆಸಿಡಿಟಿ ಮಾತ್ರೆ ಇಟ್ಟುಕೊಂಡೇ ಓಡಾಡಿದೆ.

ಕಾಮಾಕ್ಷಿಪಾಳ್ಯದ ಗಲ್ಲಿಯೊಂದರಲ್ಲಿ ನಮ್ಮದು ಹೀಟ್ ಟ್ರೀಟ್‌ಮೆಂಟ್ ಶಾಪ್. ಬೇರೆಯವರು ತಯಾರಿಸಿದ ಗೇರುಗಳನ್ನು ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಗಟ್ಟಿ ಮಾಡಿ ಕೊಡುತ್ತೇವೆ. ನೆಲದಲ್ಲಿ ಹೂತ ಬಾವಿಯಂಥ ಮೂರು ಫರ್ನೇಸುಗಳಿವೆ. ಗೇರುಗಳನ್ನು ಬುಟ್ಟಿಯಲ್ಲಿ ಜೋಡಿಸಿ, ಹಾಯ್ಸ್ಟ್ ಅನ್ನುವ ಸರಪಳಿ ಯಂತ್ರದಿಂದ ಎತ್ತಿ ಒಳಗೆ ಇಳಿಸುವುದು. ಒಂದು ಸಲಕ್ಕೆ ಇಳಿಯುವ ಬುಟ್ಟಿಗೆ ಚಾರ್ಜ್ ಅನ್ನುತ್ತೇವೆ. ಗಂಟೆಗಟ್ಟಲೆ ಕಾದ ಮೇಲೆ ನಿಗಿನಿಗಿ ಕೆಂಪಾದ ಬುಟ್ಟಿಯನ್ನು ಮೇಲೆತ್ತಿ ಪಕ್ಕದ ಎಣ್ಣೆ ತೊಟ್ಟಿಗೆ ಇಳಿಸುತ್ತಾರೆ. ಗೇರು ಗಟ್ಟಿಯಾಗುವುದು ಅಲ್ಲಿಯೇ. ಫರ್ನೇಸ್ ಮೂರಿದ್ದರೂ ತೊಟ್ಟಿ ಒಂದೇ. ಆಮೇಲೆ ತೊಳೆದು, ಹದವಾಗಿ ಇನ್ನೊಮ್ಮೆ ಕಾಯಿಸಿ, ಗಡಸುತನ ಅಳೆದು ಕಳಿಸುವುದು.

ಕೇಳುವುದಕ್ಕೆ ಸರಳ. ನಡೆಯುತ್ತಿದ್ದದ್ದು ಮಾತ್ರ ಸಂತೆ. ಒಬ್ಬ ಗ್ರಾಹಕರ ಗೇರಿನ ಲಾಟು ಬಂತೆಂದರೆ ಗೇಟಿನ ಹತ್ತಿರ ಸುರಿದು ಹೋಗುವುದು. ಯಾವ ಗ್ರಾಹಕರ ಫೋನಿನಲ್ಲಿ ಹೆಚ್ಚು ಬೈಗುಳ ಬರುತ್ತದೋ ಅವರ ಲಾಟು ಮೊದಲು. ಬುಟ್ಟಿಯಲ್ಲಿ ಜಾಗ ಉಳಿಯಿತೋ, ಇನ್ಯಾರದೋ ನಾಲ್ಕು ಗೇರು ತುರುಕು. ನಮ್ಮ ಮಾಲು ಎಲ್ಲಿದೆ ಅಂತ ಯಾರಾದರೂ ಕೇಳಿದರೆ ಎಲ್ಲರೂ ಒಂದೊಂದು ಮೂಲೆಗೆ ಓಡುತ್ತಿದ್ದರು. ನಾನು ಕೆಲವು ದಿನ ಒಂದೊಂದು ಲಾಟಿನ ಹಿಂದೆಯೇ ತಿರುಗಿದೆ. ಬೆಂಕಿಯಲ್ಲಿ ಕಳೆದ ಹೊತ್ತಿಗಿಂತ ನೆಲದ ಮೇಲೆ ಸುಮ್ಮನೆ ಬಿದ್ದುಕೊಂಡ ಹೊತ್ತೇ ಜಾಸ್ತಿ ಇತ್ತು.

ಆದ್ದರಿಂದ ಮೊದಲು ಪ್ರತಿ ಲಾಟಿಗೂ ಒಂದು ಕಾರ್ಡು ಮಾಡಿದೆ. ಲಾಟು ಎಲ್ಲಿಗೆ ಹೋದರೂ ಕಾರ್ಡು ಜೊತೆಗೇ ಹೋಗಬೇಕು. ಒಬ್ಬರ ಮಾಲಿನ ಜೊತೆ ಇನ್ನೊಬ್ಬರದು ಬೆರೆಸುವುದು ಬಂದ್. ಮೂರು ಫರ್ನೇಸಿಗೂ ಚಾರ್ಜ್ ಇಳಿಸುವ ಹೊತ್ತು ಗೊತ್ತುಮಾಡಿದೆ, ಒಂದರ ಹಿಂದೆ ಒಂದು, ನಡುವೆ ವ್ಯರ್ಥವಾಗದ ಹಾಗೆ. ಗಡಸುತನವನ್ನು ಕೊನೆಯಲ್ಲಿ ಅಳೆಯುವ ಬದಲು ಎಣ್ಣೆಯಿಂದ ತೆಗೆದು ತೊಳೆದ ತಕ್ಷಣ ಅಳೆಯಬೇಕು ಅಂದೆ. ಇಷ್ಟಕ್ಕೆಲ್ಲ ಯಾರೂ ತಕರಾರು ತೆಗೆಯಲಿಲ್ಲ.

ಕೊನೆಯದು ಬೋರ್ಡು. ಫರ್ನೇಸುಗಳ ಎದುರಿಗೆ ದೊಡ್ಡ ಬಿಳಿ ಬೋರ್ಡು ಹಾಕಿಸಿದೆ. ಯಾವ ಚಾರ್ಜು, ಎಷ್ಟು ಹೊತ್ತಿಗೆ ಇಳಿಯಿತು, ಯಾರು ಶುರು ಮಾಡಿದರು ಎಂದು ಬರೆಯಬೇಕು. ಗಡಸುತನ ಸರಿ ಬಂದರೆ ಹೆಸರಿನ ಮುಂದೆ ಹಸಿರು ಮ್ಯಾಗ್ನೆಟ್, ಮೆತ್ತಗೆ ಬಂದರೆ ಕೆಂಪು. ಹೆಸರು ಬರೆಸುವುದು ನನ್ನದೇ ಯೋಚನೆ. ಅದರ ಮೇಲೆ ನನಗೆ ಬಹಳ ಹೆಮ್ಮೆಯೂ ಇತ್ತು.

ನಮ್ಮ ಹಿರಿಯ ಆಪರೇಟರ್ ಬಾಪೂಜಿ ನಗರದವರು. ಶಾಪು ಶುರುವಾದಾಗಿನಿಂದ ಇರುವವರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ನಾನು ಅಣ್ಣ ಎಂದೇ ಕರೆಯುವುದು. ಅವರು ಬೋರ್ಡಿನ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು.

“ಹೆಸ್ರು ಯಾಕ್ ಮೇಡಂ? ಮಾಡಿ ಓಡ್ ಹೋಗ್ತೀವಾ?”

“ಹಾಗಲ್ಲ ಅಣ್ಣ. ಚೆನ್ನಾಗ್ ಬಂದ್ರೆ ನಿಮ್ ಹೆಸ್ರಿಗೇ ಅಲ್ವಾ?”

“ಮ್,” ಅಂದರು. ಆ ‘ಮ್’ ಎಂಥದ್ದು ಅಂತ ವಿಚಾರಿಸುವ ತಾಳ್ಮೆ ನನಗಿರಲಿಲ್ಲ.

ಮೊದಲ ವಾರ ಎಲ್ಲ ಹಸಿರು. ಆ ವಾರ ಮಾಲು ಕಡಿಮೆಯಿತ್ತು, ಒಂದು ಫರ್ನೇಸ್ ಹೆಚ್ಚು ಹೊತ್ತು ಖಾಲಿಯೇ ಇತ್ತು. ಆದರೂ ನಾನು ಒಳಗೊಳಗೇ ಕುಣಿದಾಡಿದೆ. ಎರಡನೇ ವಾರದ ಮಂಗಳವಾರ ಮೊದಲ ಸಲ ಮೂರೂ ಫರ್ನೇಸ್ ತುಂಬಿ ಓಡಿತು. ಅವತ್ತು ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ ಹಿರಿಯ ಆಪರೇಟರ್ ಇಳಿಸಿದ ಚಾರ್ಜು ಮೆತ್ತಗೆ ಬಂತು. ಗೇರ್ ಕಂಪನಿಯದೇ ಲಾಟು. ಮಾರನೆಯ ಬೆಳಿಗ್ಗೆ ನಾನೇ ಕೈಯಾರೆ ಅವರ ಹೆಸರಿನ ಮುಂದೆ ಕೆಂಪು ಮ್ಯಾಗ್ನೆಟ್ ಅಂಟಿಸಿದೆ. ಫಸ್ಟ್ ಶಿಫ್ಟಿನವರೆಲ್ಲ ಅಲ್ಲೇ ಟೀ ಕುಡಿಯುತ್ತಾ ನಿಂತಿದ್ದರು. ಹಿರಿಯ ಆಪರೇಟರ್ ಲೋಟ ಇಟ್ಟು ಕೈಗವಸು ಹಾಕಿಕೊಂಡು ಹೊರಟುಹೋದರು.

ಗೇರುಗಳನ್ನು ಮತ್ತೆ ಕಾಯಿಸಿ ಸರಿಮಾಡಿದೆವು. ಮಾಲು ಎರಡು ದಿನ ತಡವಾಯಿತು. ಯಾಕೆ ಮೆತ್ತಗಾಯಿತು ಅಂತ ಎಲ್ಲರನ್ನೂ ಕೇಳಿದೆ. ಎಲ್ಲರೂ “ಗೊತ್ತಿಲ್ಲ ಮೇಡಂ” ಅಂದರು.

ಅಲ್ಲಿಂದ ಹೊಸ ರೋಗ ಶುರುವಾಯಿತು. ಫರ್ನೇಸ್ ಕಾದಿರುತ್ತದೆ, ಬುಟ್ಟಿ ತುಂಬಿ ಹಾಯ್ಸ್ಟಿಗೆ ನೇತಾಡುತ್ತಿರುತ್ತದೆ, ಜನ ಮಾತ್ರ ಮೀನ ಮೇಷ ಎಣಿಸುತ್ತಾ ನಿಂತಿರುತ್ತಾರೆ.

“ಯಾಕೆ, ಏನ್ ಕಾಯ್ತಾ ಇದೀರಾ?”

“ಹಾಕ್ತೀವಿ ಮೇಡಂ, ಒಂದೈದ್ ನಿಮಿಷ.”

ಐದು ನಿಮಿಷ ಗಂಟೆಯಾಗುತ್ತಿತ್ತು. ಒಂದು ದಿನ ಕರೆಂಟು ಏರುಪೇರು ಅಂದರು, ಇನ್ನೊಂದು ದಿನ ಹಾಯ್ಸ್ಟಿನ ಸರಪಳಿ ಸದ್ದು ಮಾಡ್ತಿದೆ ಅಂದರು. ದಿನವೂ ಒಂದೇ ಹೊತ್ತಿಗೆ ನಿಂತಿದ್ದರೆ ಕಾರಣ ಹುಡುಕಬಹುದಿತ್ತು. ಒಂದು ದಿನ ಬೆಳಿಗ್ಗೆ ನಿಂತರೆ ಇನ್ನೊಂದು ದಿನ ಮಧ್ಯಾಹ್ನ. ನನ್ನ ವೇಳಾಪಟ್ಟಿ ಪೂರ್ತಿ ಹಳ್ಳ ಹಿಡಿಯಿತು. ಮಾಲು ಮತ್ತೆ ತಡವಾಗತೊಡಗಿತು. ಗೇರ್ ಕಂಪನಿಯ ನಂಬರು ಫೋನಿನಲ್ಲಿ ಕಂಡರೆ ಫೋನನ್ನು ಬೋರಲು ಹಾಕುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು, ಆ ವಾರ ಸೆಕ್ಯೂರಿಟಿಯವನಿಂದ ಹಿಡಿದು ಟೀ ತರುವ ಆಂಟಿಯವರೆಗೆ ಎಲ್ಲರಿಗೂ ಬೈದೆ. ಪಾಪ, ಆ ಆಂಟಿಗೂ ಫರ್ನೇಸಿಗೂ ಏನು ಸಂಬಂಧ!

ಶನಿವಾರ ಬೆಳಿಗ್ಗೆ ಆರ್‌ಪಿಸಿ ಲೇಔಟಿನ ನಮ್ಮ ಮನೆಯಲ್ಲಿ ತಿಂಡಿ ತಿನ್ನುತ್ತಿದ್ದೆ. ಅಮ್ಮ ಅಡುಗೆಮನೆಯಿಂದ ಕೂಗಿದರು.

“ಹೊಸ ಗ್ರೈಂಡರ್ ಫೋನಲ್ಲೇ ಆರ್ಡರ್ ಹಾಕ್ತೀನಿ ಅಂದ್ಯಲ್ಲ, ಈಗ್ಲೇ ಹಾಕ್‌ಬಿಡೇ. ಒಂಬತ್ತಾದ್ರೆ ರಾಹುಕಾಲ ಬರುತ್ತೆ. ಆಮೇಲೆ ಹತ್ತೂವರೆವರ್ಗೂ ಬೇಡ ಕಣೇ.”

ಕೈಯಲ್ಲಿದ್ದ ಇಡ್ಲಿ ಕೈಯಲ್ಲೇ ಉಳಿಯಿತು. ಫೋನಿನಲ್ಲಿ ಬೋರ್ಡಿನ ಫೋಟೋಗಳಿದ್ದವು, ದಿನಾ ಸಂಜೆ ತೆಗೆಯುತ್ತಿದ್ದೆ. ಅವನ್ನು ಹಿಡಿದುಕೊಂಡು ಹೋಗಿ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತೆ. ಸೋಮವಾರ ಬೆಳಬೆಳಿಗ್ಗೆ, ಮಂಗಳವಾರ ಮೂರರ ಮೇಲೆ, ಶುಕ್ರವಾರ ಹನ್ನೆರಡರ ಮುಂಚೆ. ಚಾರ್ಜು ನಿಂತ ಹೊತ್ತೆಲ್ಲ ರಾಹುಕಾಲವೇ. ಅಯ್ಯೋ ಶಿವನೇ ಅಂದುಕೊಂಡೆ. ಗ್ರೈಂಡರನ್ನು ಒಂಬತ್ತರೊಳಗೇ ಆರ್ಡರ್ ಮಾಡಿ ಸ್ಕೂಟರ್ ಹತ್ತಿದೆ.

ಗದಗ ಕಡೆಯ ಇನ್ನೊಬ್ಬ ಆಪರೇಟರ್ ಇದ್ದಾರೆ, ಹಾಯ್ಸ್ಟ್ ನಡೆಸುವವರು. ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳಲು ಬಾರದ ಮನುಷ್ಯ. ಅವರನ್ನು ಗೇಟಿನ ಹೊರಗೆ ಕರೆದು ಕೇಳಿದೆ.

“ನಾ ಹೇಳಿದ್ನಿ ಅಂತ ಹೇಳಬ್ಯಾಡ್ರಿ ಮತ್ತ,” ಅಂದರು. “ಮಂಗಳವಾರದ ಆ ಚಾರ್ಜು ರಾಹುಕಾಲದಾಗ ಇಳಿದಿತ್ರಿ. ಅದು ಕೆಟ್ಟಮ್ಯಾಗ ಆ ಹೊತ್ತಿನ್ಯಾಗ ಯಾರೂ ಹೆಸರು ಬರ್ಯಾಕ ಒಲ್ಲರು.”

“ಮೊದ್ಲೆಲ್ಲ ಹಾಕ್ತಾ ಇದ್ರಲ್ಲ? ಆಗೇನು ರಾಹುಕಾಲ ಇರ್ಲಿಲ್ವಾ?”

“ಇತ್ತಲ್ರಿ. ಆದ್ರ ಆವಾಗ ಯಾರ ಹೆಸರೂ ಇರ್ಲಿಲ್ಲ. ಕೆಲಸ ಅದರ ಪಾಡಿಗೆ ನಡೀತಿತ್ತು. ಈಗ ನೀವು ಶುರು ಮಾಡಿದವರು ಅಂತ ಬರಸ್ತೀರಿ. ಶುರು ಅಂದಮ್ಯಾಗ ಹೊತ್ತು ನೋಡಬೇಕಲ್ರಿ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮುಂಚೆ ಒಂದು ಚಾರ್ಜು ಯಾವಾಗ ಶುರುವಾಯಿತು, ಯಾರಿಂದ ಶುರುವಾಯಿತು ಅನ್ನುವ ಪ್ರಶ್ನೆಯೇ ಇರಲಿಲ್ಲ. ದಿನಕ್ಕೆ ಹತ್ತು ಶುಭಾರಂಭಗಳನ್ನು ಹುಟ್ಟಿಸಿದವಳು ನಾನು. ಅವರನ್ನು ಬೈಯಲು ಬಾಯಿ ಬರಲಿಲ್ಲ. ನನಗೆ ರಾಹುಕಾಲದಲ್ಲಿ ನಂಬಿಕೆ ಇದೆಯೇ ಅಂದರೆ ಇಲ್ಲ, ಅದನ್ನು ಮೀರುವ ಧೈರ್ಯ ಇದೆಯೇ ಅಂದರೆ ಅದೂ ಇಲ್ಲ. ಗ್ರೈಂಡರ್ ಕಥೆ ಈಗಷ್ಟೇ ಹೇಳಿದೆನಲ್ಲ.

ಯಜಮಾನರಿಗೆ ಹೇಳಿದೆ. ಅವರು ಜನರನ್ನು ಕರೆದು ಗದರಿಸಿಯಾರು ಅಂದುಕೊಂಡಿದ್ದೆ. ಅವರು ಗಲ್ಲದ ಮೇಲೆ ಕೈಯಿಟ್ಟುಕೊಂಡು, “ಹೌದಲ್ಲಮ್ಮ, ರಾಹುಕಾಲ್ದಲ್ಲಿ ಬೇಡ ಬಿಡು,” ಅಂದರು.

“ಹಾಗಾದ್ರೆ ಡೆಲಿವರಿ, ಸಾರ್?”

“ಡೆಲಿವರಿ ತಪ್ಪಂಗಿಲ್ಲ.”

“ಎರಡೂ ಹೇಗೆ ಸಾರ್ ಆಗುತ್ತೆ?”

“ಅದಕ್ಕೇ ಅಲ್ವೇನಮ್ಮ ನೀನಿರೋದು!”

ಹೊರಗೆ ಬಂದು ಎರಡು ಮಾತ್ರೆ ನುಂಗಿದೆ. ಎರಡು ದಿನ ಕೂತು ವಾರದ ಒಂದೊಂದು ದಿನಕ್ಕೂ ಬೇರೆ ಬೇರೆ ವೇಳಾಪಟ್ಟಿ ಮಾಡಿದೆ, ರಾಹುಕಾಲದಲ್ಲಿ ಯಾವ ಚಾರ್ಜೂ ಶುರುವಾಗದ ಹಾಗೆ. ಕಾಗದದ ಮೇಲೆ ಬಹಳ ಚೆನ್ನಾಗಿತ್ತು. ಆದರೆ ಗೇರ್ ಕಂಪನಿಯ ಟೆಂಪೋ ಬರುವುದು ದಿನವೂ ಒಂದೇ ಹೊತ್ತಿಗೆ. ಅದಕ್ಕೆ ರಾಹುವೂ ಇಲ್ಲ, ಕೇತುವೂ ಇಲ್ಲ. ಬುಧವಾರದ ಪಟ್ಟಿಯನ್ನು ಗುರುವಾರ ನೋಡಿಕೊಂಡು ಒಬ್ಬರು ತಪ್ಪು ಫರ್ನೇಸಿಗೆ ತಪ್ಪು ಲಾಟು ಇಳಿಸಿದರು. ಟೆಂಪೋ ಬಂದು, ಕಾದು, ಖಾಲಿ ಹೋಯಿತು. ನನ್ನ ಎರಡು ದಿನದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಸಂಜೆ ಗೇರ್ ಕಂಪನಿಯ ಕ್ವಾಲಿಟಿ ಮ್ಯಾನೇಜರ್ ಫೋನು. ನಮ್ಮ ಕೆಲಸ ಇಟ್ಟುಕೊಳ್ಳಬೇಕೋ ಬಿಡಬೇಕೋ ಅನ್ನುವುದು ಅವರ ಕೈಯಲ್ಲೇ ಇತ್ತು. “ಮೇಡಂ, ಇದೇನಾ ನಿಮ್ ಇಂಪ್ರೂವ್‌ಮೆಂಟು? ಮೊದ್ಲು ಲೇಟಾಗ್ತಿತ್ತು. ಈಗ ಗಾಡೀನೇ ಖಾಲಿ ಬರ್ತಿದೆ.” ನಾಳೆಯಿಂದ ಸರಿಹೋಗುತ್ತೆ ಸಾರ್ ಅಂದೆ. ಹೇಗೆ ಅಂತ ಅವರು ಕೇಳುವ ಮುಂಚೆ ಫೋನ್ ಇಟ್ಟೆ.

ಮಾರನೆಯ ದಿನ ಶುಕ್ರವಾರ. ಹಳೆಯ ಒಂದೇ ವೇಳಾಪಟ್ಟಿಗೆ ವಾಪಸು ಹೋಗಿದ್ದೆ. ಹನ್ನೊಂದರ ಹೊತ್ತಿಗೆ ಇಳಿಯಬೇಕಾದ ಬುಟ್ಟಿ ಗಾಳಿಯಲ್ಲಿ ನಿಂತಿತ್ತು, ಜನ ನೆಲ ನೋಡುತ್ತಿದ್ದರು. ಬೋರ್ಡಿನ ಹೆಸರಿನ ಅಂಕಣ ಖಾಲಿ. ಏನಾಯಿತೋ, ಪೆನ್ನು ತೆಗೆದುಕೊಂಡು ಅಲ್ಲಿ ನನ್ನ ಹೆಸರು ಬರೆದೆ.

“ರಾಹುಕಾಲ್ದಲ್ಲಿ ಇಳಿಯೋ ಚಾರ್ಜ್‌ಗೆಲ್ಲ ಇನ್ಮೇಲೆ ನನ್ ಹೆಸ್ರು. ಕೆಟ್ರೆ ಕೆಂಪು ನನಗೇ. ಬಟನ್ನೂ ನಾನೇ ಒತ್ತೀನಿ, ಕೊಡಿ ಇಲ್ಲಿ.”

ಹಿರಿಯ ಆಪರೇಟರ್ ಅಡ್ಡ ಬಂದರು. “ಬೇಡ ಮೇಡಂ. ಮನೇಲಿ ವಯಸ್ಸಾದ ತಾಯಿ ಇದಾರೆ ನಿಮ್ಗೆ. ಇಂಥದ್ದನ್ನೆಲ್ಲ ಮೈಮೇಲೆ ಎಳ್ಕೋಬಾರ್ದು. ನೀವೇ ನೋಡಿದ್ರಲ್ಲ, ಆ ಹೊತ್ತು ಬಿಟ್‌ಮೇಲೆ ಒಂದು ಚಾರ್ಜಾದ್ರೂ ಕೆಟ್ಟಿದ್ಯಾ?”

ಅದು ನಿಜವಾಗಿತ್ತು. ತಡವಾಗತೊಡಗಿದ ಮೇಲೆ ಒಂದೂ ಮೆತ್ತಗೆ ಬಂದಿರಲಿಲ್ಲ. ಅವರು ಅಮ್ಮನ ಸುದ್ದಿ ತೆಗೆದಾಗ ನನಗೆ ಹಿಂಜರಿಕೆಯೂ ಆಯಿತು. ಆದರೆ ದಸರಾ ಹತ್ತಿರ ಬರುತ್ತಿತ್ತು, ಸೆಕೆಂಡ್ ಶಿಫ್ಟಿನವರ ಮುಖಗಳು ಕಣ್ಣ ಮುಂದೆಯೇ ಇದ್ದವು. ಹಾಯ್ಸ್ಟಿನ ಬಟನ್ ಒತ್ತಿದೆ. ಬುಟ್ಟಿ ಇಳಿಯುವಾಗ ಗದಗದವರು ಪಕ್ಕದಲ್ಲಿ ನಿಂತು, “ಸಾವಕಾಶ್ರಿ ಮೇಡಂ, ಸಾವಕಾಶ್,” ಅನ್ನುತ್ತಲೇ ಇದ್ದರು.

ಆ ಚಾರ್ಜು ಹಸಿರು ಬಂತು. ಶನಿವಾರದ್ದೂ, ಸೋಮವಾರದ್ದೂ. ದಿನಕ್ಕೊಂದು ಸಲ ನಾನು ಹೆಸರು ಬರೆಯುವುದು, ಬಟನ್ ಒತ್ತುವುದು, ಆಮೇಲೆ ಗಡಸುತನ ಅಳೆದು ಮುಗಿಯುವವರೆಗೂ ಜೀವ ಕೈಯಲ್ಲಿ ಹಿಡಿದುಕೊಂಡು ಕೂರುವುದು. ಅಮ್ಮನಿಗೆ ಏನೂ ಹೇಳಲಿಲ್ಲ. ಆದರೂ ಅಮ್ಮ ಒಂದು ದಿನ ಕೆಮ್ಮಿದರೆ, ಅಯ್ಯೋ ನನ್ನಿಂದಲೇ ಏನೋ ಆಯಿತು ಅಂತ ನಿದ್ದೆ ಹಾರಿಹೋಯಿತು. ಮಾಲು ಮಾತ್ರ ಹೊತ್ತಿಗೆ ಸರಿಯಾಗಿ ಹೋಗತೊಡಗಿತು. ಆಯುಧಪೂಜೆಯ ದಿನ ಫರ್ನೇಸುಗಳಿಗೆ ಕುಂಕುಮ ಹಚ್ಚುವಾಗ ಯಾರೋ ಬೋರ್ಡಿಗೂ ಒಂದು ಬೊಟ್ಟು ಇಟ್ಟಿದ್ದರು.

ಹಬ್ಬ ಮುಗಿದ ಮೇಲೆ ಕ್ವಾಲಿಟಿ ಮ್ಯಾನೇಜರ್ ಶಾಪ್ ನೋಡಲು ಬರುತ್ತಾರೆಂದು ಗೊತ್ತಾಯಿತು. ರಜೆಯಲ್ಲಿ ನಿಂತಿದ್ದ ಮಾಲೆಲ್ಲ ಒಟ್ಟಿಗೆ ಬಂದು ಮೂರೂ ಫರ್ನೇಸ್ ಮತ್ತೆ ತುಂಬಿ ಓಡಿದವು. ಅವರು ಬರುವುದಕ್ಕೆ ಇನ್ನು ಮೂರು ದಿನ ಇರುವಾಗ ನನ್ನ ಹೆಸರಿನ ಚಾರ್ಜು ಮೆತ್ತಗೆ ಬಂತು.

ಅಳತೆ ಮಾಡುವವರು ಮೂರು ಸಲ ನೋಡಿ ತಲೆಯಾಡಿಸಿದರು. ಗೇರ್ ಕಂಪನಿಯದೇ ಲಾಟು, ಸಂಜೆಯೊಳಗೆ ಹೋಗಬೇಕಾದದ್ದು. ಕೆಂಪು ಮ್ಯಾಗ್ನೆಟ್ ತೆಗೆದುಕೊಂಡು ನನ್ನ ಹೆಸರಿನ ಮುಂದೆ ಅಂಟಿಸಿದೆ. ಅಂಟಿಸುವಾಗ ಅವತ್ತು ಟೀ ಲೋಟ ಇಟ್ಟು ಹೋದ ಆ ಮನುಷ್ಯನಿಗೆ ಹೇಗಾಗಿತ್ತು ಅಂತ ಅರ್ಥವಾಯಿತು.

ಯಜಮಾನರು ತಗ್ಗಿದ ದನಿಯಲ್ಲಿ ಹೇಳಿದರು: “ಎಲ್ಲಾ ಏನ್ ಮೆತ್ತಗಿಲ್ವಲ್ಲಮ್ಮ. ಕೆಳಗಿನ ಸಾಲು ಮಾತ್ರ ತಾನೆ? ಕಳಿಸ್‌ಬಿಡು. ಈ ವಾರ ಒಂದು ದಾಟ್ಲಿ.”

“ಇಲ್ಲ ಸಾರ್. ಗೊತ್ತಿದ್ದೂ ಕಳಿಸೋಕಾಗಲ್ಲ. ನಂಗೆ ಬಿಟ್ಟಿದೀನಿ ಅಂದಿದ್ರಲ್ಲ?”

ಅವರು ಉತ್ತರಿಸುವ ಮುಂಚೆಯೇ ಕ್ವಾಲಿಟಿ ಮ್ಯಾನೇಜರಿಗೆ ಫೋನು ಮಾಡಿಬಿಟ್ಟೆ, ಆಮೇಲೆ ಮಾಡುವ ಧೈರ್ಯ ಇರುವುದಿಲ್ಲ ಅಂತ ಗೊತ್ತಿತ್ತು. ಲಾಟು ನಾವೇ ನಿಲ್ಲಿಸಿದ್ದೇವೆ, ಮೆತ್ತಗೆ ಬಂದಿದೆ, ಮತ್ತೆ ಕಾಯಿಸಿ ಕೊಡಲು ಎರಡು ದಿನ ಬೇಕು ಅಂದೆ. “ಮಂಗಳವಾರ ಬರ್ತೀನಲ್ಲ, ಮಾತಾಡೋಣ,” ಅಂತ ಇಟ್ಟುಬಿಟ್ಟರು. ಮುಗಿಯಿತು ಅಂದುಕೊಂಡೆ.

ಶಿಫ್ಟ್ ಮುಗಿಯುವ ಹೊತ್ತಿಗೆ ಹಿರಿಯ ಆಪರೇಟರ್ ನನ್ನ ಮೇಜಿನ ಹತ್ತಿರ ಬಂದು ನಿಂತರು. ಕೈಗವಸು ತೆಗೆದು ಮಡಿಚಿದರು, ಮತ್ತೆ ಬಿಡಿಸಿದರು.

“ಮೇಡಂ, ಆ ಬುಟ್ಟೀನ ಎಣ್ಣೆಗೆ ಇಳಿಸೋವಾಗ ತೊಟ್ಟಿಯಿಂದ ಹೊಗೆ ಜಾಸ್ತೀನೇ ಬಂತು. ಎಣ್ಣೆ ಆಗ್ಲೇ ಕಾದ್‌ಬಿಟ್ಟಿತ್ತು. ಅವತ್ತು ಮಂಗಳವಾರಾನೂ ಹಂಗೇ ಇತ್ತು.”

“ಮತ್ತೆ ಅವತ್ತು ಎಲ್ರೂ ಗೊತ್ತಿಲ್ಲ ಅಂದ್ರಲ್ಲ ಅಣ್ಣ!”

“ಅವತ್ತು ನನ್ ಹೆಸ್ರಿತ್ತಲ್ಲ ಮೇಡಂ. ಹೇಳಿದ್ರೆ, ಗೊತ್ತಿದ್ದೂ ಯಾಕ್ ಇಳಿಸ್ದೆ ಅನ್ನಲ್ವಾ ನೀವು?”

ಅನ್ನುತ್ತಿದ್ದೆ. ಖಂಡಿತ ಅನ್ನುತ್ತಿದ್ದೆ.

ಸೋಮವಾರ ಇಬ್ಬರೂ ಸೇರಿ ತೊಟ್ಟಿಗೆ ಥರ್ಮಾಮೀಟರ್ ಇಳಿಬಿಟ್ಟು ಪ್ರತಿ ಬುಟ್ಟಿಯ ಮೊದಲೂ ಆಮೇಲೂ ನೋಡಿದೆವು. ಮೊದಲ ಬುಟ್ಟಿ ಇಳಿದಾಗ ಎಣ್ಣೆ ಬಿಸಿಯಾಗುತ್ತದೆ. ಅದು ತಣಿಯುವ ಮೊದಲೇ ಎರಡನೆಯದು, ಅದರ ಬೆನ್ನಿಗೇ ಮೂರನೆಯದು. ಮೂರನೆಯದು ಇಳಿಯುವ ಹೊತ್ತಿಗೆ ಎಣ್ಣೆಗೆ ಗೇರನ್ನು ಬೇಗ ತಣಿಸುವ ಶಕ್ತಿಯೇ ಇರುತ್ತಿರಲಿಲ್ಲ. ನಡುವೆ ವ್ಯರ್ಥವಾಗದ ಹಾಗೆ ಅಂತ ನಾನು ಒತ್ತೊತ್ತಾಗಿ ಜೋಡಿಸಿದ್ದೆನಲ್ಲ, ಆ ವ್ಯರ್ಥದಲ್ಲೇ ಎಣ್ಣೆ ಉಸಿರಾಡುತ್ತಿದ್ದದ್ದು. ರಾಹುಕಾಲಕ್ಕೆ ಹೆದರಿ ಜನ ಒಂದೂವರೆ ಗಂಟೆ ನಿಂತರೆ ಬುಟ್ಟಿ ಎಣ್ಣೆಗೆ ಬರುವುದೂ ಅಷ್ಟೇ ತಡವಾಗಿ, ಅಷ್ಟರಲ್ಲಿ ಎಣ್ಣೆ ತಣಿಯುತ್ತಿತ್ತು, ಚಾರ್ಜು ಸರಿ ಬರುತ್ತಿತ್ತು. ನಿಲ್ಲದೆ ಇಳಿಸಿದರೂ ಮೂರು ಫರ್ನೇಸ್ ಒಟ್ಟಿಗೆ ತುಂಬದ ದಿನ ಏನೂ ಆಗುತ್ತಿರಲಿಲ್ಲ. ತುಂಬಿದ ದಿನ ಕೆಟ್ಟಿತು.

ಮೂರನೆಯ ಫರ್ನೇಸಿನ ಹೊತ್ತನ್ನು ದೂರ ಸರಿಸಿದೆ. ಎಣ್ಣೆಯ ಬಿಸಿ ಗುರುತು ಹಾಕಿದ ಗೆರೆಗಿಂತ ಕೆಳಗೆ ಬರದೆ ಬುಟ್ಟಿ ಇಳಿಯಬಾರದು ಅಂತ ತೊಟ್ಟಿಯ ಮೇಲೆ ಬರೆಸಿದೆ. ಎಣ್ಣೆ ತಣಿಸುವ ಕೂಲರ್ ಬೇಕು ಅಂತ ಯಜಮಾನರಿಗೆ ಹೇಳಿದಾಗ, ಮೊದಲು ಮಂಗಳವಾರ ಕಳೆಯಲಿ, ಆಮೇಲೆ ನೋಡೋಣ ಅಂದರು.

ಮಂಗಳವಾರ ಕ್ವಾಲಿಟಿ ಮ್ಯಾನೇಜರ್ ಬಂದರು. ನಾನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅವರು ಕಾಫಿ ಬೇಡ ಅಂದು ನೇರವಾಗಿ ಬೋರ್ಡಿನ ಮುಂದೆ ಹೋಗಿ ನಿಂತರು. ಓದುತ್ತಾ ಓದುತ್ತಾ ಹುಬ್ಬು ಗಂಟಿಕ್ಕಿದರು.

“ಯಾರಿದು, ದಿನಾ ಒಂದು ಚಾರ್ಜ್ ಹಾಕಿರೋರು?”

“ನಾನೇ ಸಾರ್.”

“ನೀವು ಪ್ಲಾನಿಂಗ್ ಅಲ್ವಾ? ಈ ಕೆಂಪು... ನಮ್ ಲಾಟು ಕೆಡಿಸಿದ್ದು ನೀವೇನಾ?”

ಯಜಮಾನರು ಏನೋ ಹೇಳಲು ಹೊರಟರು. ಅವರಿಗಿಂತ ಮೊದಲು ನಾನೇ, “ಹೌದು ಸಾರ್. ನನ್ ವೇಳಾಪಟ್ಟಿಯಿಂದ್ಲೇ ಎಣ್ಣೆ ಕಾದಿದ್ದು,” ಅಂದೆ.

“ಅದು ನನ್ದು ಸಾರ್.”

ಹಿಂದೆ ಹಿರಿಯ ಆಪರೇಟರ್ ನಿಂತಿದ್ದರು. “ಹೊಗೆ ಬರೋದ್ ನೋಡೀನೂ ಎಣ್ಣೆಗೆ ಇಳಿಸ್ದೋನು ನಾನು. ಮೇಡಂ ಸುಮ್ನೆ ಹೆಸ್ರು ಬರ್ಕೊಂಡಿದಾರೆ. ಮೊದ್ಲೊಂದು ಮಂಗಳವಾರ ಕೆಟ್ಟಿದ್ದೂ ನನ್ದೇ.”

“ಹಾಯ್ಸ್ಟ್ ಹಿಡಿದಾಂವ ನಾ ಇದ್ನಿರಿ ಸಾಹೇಬ್ರ,” ಅಂತ ಗದಗದವರೂ ಸೇರಿಕೊಂಡರು.

ಕ್ವಾಲಿಟಿ ಮ್ಯಾನೇಜರ್ ಒಬ್ಬೊಬ್ಬರ ಮುಖವನ್ನೂ ನೋಡಿದರು. “ನಾನ್ ಹೋಗೋ ಶಾಪ್‌ಗಳಲ್ಲಿ ಕೆಟ್ಟಿದ್ ಯಾರ್ದು ಅಂತ ಕೇಳಿದ್ರೆ ಎಲ್ರೂ ಸೂರು ನೋಡ್ತಾರೆ. ಇಲ್ಲೇನ್ರೀ ಇದು, ಹಂಚ್ಕೊಳೋಕ್ ಜಗಳ ಆಡ್ತಿದೀರಾ!” ಅಂದರು. ನಗಲಿಲ್ಲ. ತೊಟ್ಟಿಯ ಹತ್ತಿರ ಹೋಗಿ ಥರ್ಮಾಮೀಟರ್ ನೋಡಿದರು, ಗೆರೆ ನೋಡಿದರು, ನಿಂತುಹೋದ ಲಾಟಿನ ಗೇರೊಂದನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಯಜಮಾನರ ಕಡೆ ತಿರುಗಿ, “ಎಣ್ಣೆಗೆ ಕೂಲರ್ ಹಾಕ್ಸಿ. ಕೆಲ್ಸ ಇಲ್ಲೇ ಇರ್ಲಿ. ಪೀಣ್ಯದವ್ರು ಕೆಟ್ಟ ಲಾಟ್ ಕಳಿಸೋ ಮುಂಚೆ ಒಂದಿನಾನೂ ಫೋನ್ ಮಾಡಿದವ್ರಲ್ಲ,” ಅಂದರು.

ಯಜಮಾನರು ಅವರನ್ನು ಕಳಿಸಿಕೊಡಲು ಗೇಟಿನವರೆಗೆ ಹೋದರು. ನಾನು ಅಲ್ಲೇ ಇದ್ದ ಖಾಲಿ ಬುಟ್ಟಿಯೊಂದರ ಅಂಚಿನ ಮೇಲೆ ಕೂತುಬಿಟ್ಟೆ. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಹೋಗಲಿಲ್ಲ.

ಹಿರಿಯ ಆಪರೇಟರ್ ಪಕ್ಕದಲ್ಲಿ ಬಂದು ನಿಂತರು. “ಸೆಕೆಂಡ್ ಶಿಫ್ಟ್ ಉಳೀತು ಅಲ್ವಾ ಮೇಡಂ?”

ತಲೆಯೆತ್ತಿ ನೋಡಿದೆ. “ನಿಮ್ಗೆ ಯಾರ್ ಹೇಳಿದ್ದು?”

“ಟೆಂಪೋ ಡ್ರೈವರ್ರು. ಬಾಗ್ಲು ಹಾಕ್ಕೊಂಡು ಮಾತಾಡಿದ್ರಲ್ಲ ನೀವು, ಅದ್ರ ಮಾರ್ನೇ ದಿನಾನೇ. ಎಲ್ರಿಗೂ ಗೊತ್ತಿತ್ತು.”

“ಗೊತ್ತಿದ್ದೂ ರಾಹುಕಾಲ ಅಂತ ಕೈಕಟ್ಕೊಂಡು ನಿಂತ್ರಾ ಅಣ್ಣ?”

“ಗೊತ್ತಿದ್ದಿದ್ಕೇ ಮೇಡಂ. ಕೆಲ್ಸ ಹೋಗೋದಾದ್ರೆ ಹೋಗ್ಲಿ, ಇಷ್ಟ್ ಜನದ ಅನ್ನ ನನ್ ಹೆಸ್ರಲ್ಲಿ ಹೋಯ್ತು ಅಂತ ಆ ಬೋರ್ಡ್ ಮೇಲೆ ಇರೋದ್ ಬೇಡ ಅನ್ನಿಸ್ತು.”

“ಮತ್ತೆ ಇವತ್ತು ಯಾಕ್ ಮುಂದೆ ಬಂದ್ರಿ?”

ಅವರು ಕೈಗವಸು ಹಾಕಿಕೊಳ್ಳುತ್ತಾ ನನ್ನನ್ನೇ ನೋಡಿದರು. “ನಿಮ್ ಹೆಸ್ರಲ್ಲಿ ಹೋಗ್ಲಿ ಅಂತ ಸುಮ್ನೆ ನಿಂತ್ಕೊಳ್ಲಾ ಮೇಡಂ?”